ಪರ–ವಿರೋಧ: ‘ದ ಕಲರ್ ಆಫ್ ಮ್ಯಾಜಿಕ್’ ನಿರಾಸೆ ಮಾಡುವ ಪುಸ್ತಕವೇ?

ಪರ: ಜೋಕಿದೆ, ಕಥೆ ಇಲ್ಲ

ಡಿಸ್ಕ್‌ವರ್ಲ್ಡ್ ಎಂಬ ಹಾಸ್ಯದ ಫ್ಯಾಂಟಸಿ ಸರಣಿಯಲ್ಲಿ 41 ಕಾದಂಬರಿಗಳಿವೆ. ಅದನ್ನು ಬರೆದ ಟೆರ್ರಿ ಪ್ರ್ಯಾಚೆಟ್ ಹೆಸರು ಕೇಳಿ ಬಂದವರು ಇದನ್ನೇ, 1983ರ ಮೊದಲ ಪುಸ್ತಕವನ್ನೇ, ಕೈಗೆತ್ತಿಕೊಳ್ಳುತ್ತಾರೆ. ಪೆಟ್ಟು ಬೀಳುವುದೂ ಅಲ್ಲೇ.

ಶುರು ಚೆನ್ನಾಗಿದೆ. ಆಮೆಯ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ಚಪ್ಪಟೆ ಲೋಕ. ಕೂರ್ಮ, ದಿಗ್ಗಜಗಳ ಕಥೆ ಕೇಳಿ ಬೆಳೆದ ನಮಗೆ ಇದು ಗುರುತಿನದೇ. ಟೂಫ್ಲವರ್ ಎಂಬ ಪ್ರವಾಸಿ ಚಿನ್ನ ಸುರಿಯುತ್ತಾ ಬರುತ್ತಾನೆ. ಅವನನ್ನು ಕಾಯುವ ಕೆಲಸ ರಿನ್ಸ್‌ವಿಂಡ್‌ನ ತಲೆಗೆ ಬೀಳುತ್ತದೆ. ತಲೆಯಲ್ಲಿ ಒಂದೇ ದೊಡ್ಡ ಮಂತ್ರ ಹೊತ್ತು, ಅದನ್ನೂ ಹೇಳಲಾಗದೆ ಓಡಾಡುವ ಮಾಂತ್ರಿಕ ಇವನು.

ಆಮೇಲೆ? ಪಿಶಾಚಿಯ ಗುಡಿ, ತಲೆಕೆಳಗಾದ ಬೆಟ್ಟ, ಡ್ರ್ಯಾಗನ್, ಲೋಕದ ಅಂಚು. ಸಿಕ್ಕಿಬೀಳುತ್ತಾರೆ, ತಪ್ಪಿಸಿಕೊಳ್ಳುತ್ತಾರೆ, ಮತ್ತೆ ಸಿಕ್ಕಿಬೀಳುತ್ತಾರೆ. ಇವರಿಗೆ ಬೇಕಾಗಿರುವುದೇನು? ಒಬ್ಬನಿಗೆ ಊರು ನೋಡಬೇಕು, ಇನ್ನೊಬ್ಬನಿಗೆ ಜೀವ ಉಳಿದರೆ ಸಾಕು. ಗುಡಿಯಲ್ಲಿ ಪಿಶಾಚಿ ಹಿಡಿದಾಗ ಟೂಫ್ಲವರ್‌ನ ಚಿತ್ರದ ಡಬ್ಬಿಯಿಂದ ಬೆಳಕು ಫಳ್ಳನೆ ಹೊಡೆಯುತ್ತದೆ, ಪಿಶಾಚಿಯ ಕಣ್ಣು ಕುರುಡಾಗುತ್ತದೆ, ಅಷ್ಟೇ. ಮೇಲೆ ದೇವರುಗಳು ದಾಳ ಹಾಕುತ್ತಿದ್ದಾರೆ, ಕೆಳಗೆ ಇವರು ಬದುಕಿಕೊಳ್ಳುತ್ತಾರೆ. ಒಮ್ಮೆ ಸರಿ. ಪ್ರತಿಸಲ ಅದೃಷ್ಟವೇ ಕಾಪಾಡಿದರೆ ನಾವು ಯಾಕೆ ಹೆದರಬೇಕು? ಏನೂ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಮುಂದಿನ ಪುಟ ಯಾಕೆ ತಿರುಗಿಸಬೇಕು?

ಹಳೆಯ ಫ್ಯಾಂಟಸಿಗಳ ಅಣಕ ಇದು, ಅವನ್ನು ಓದಿದ್ದರೆ ನಗು ಬರುತ್ತದೆ ಅನ್ನುತ್ತಾರೆ. ಅಂದ್ರೆ ನಗುವ ಮೊದಲು ಪರೀಕ್ಷೆ ಪಾಸು ಮಾಡಬೇಕಾ?

ನನ್ನ ತಂಗಿಗೆ ಹಾಸ್ಯ ಅಂದರೆ ಪ್ರಾಣ. ಅವಳ ಹುಟ್ಟುಹಬ್ಬಕ್ಕೆ ಗೆಳತಿಯೊಬ್ಬಳು ಇದೇ ಪುಸ್ತಕ ಕೊಟ್ಟಳು. ಡ್ರ್ಯಾಗನ್ ಭಾಗದಲ್ಲಿ ಇಬ್ಬರೂ ಇದ್ದಕ್ಕಿದ್ದಂತೆ ನಮ್ಮ ಲೋಕದ ವಿಮಾನದೊಳಗೆ ಬಂದುಬಿಡುತ್ತಾರಲ್ಲ, ಅಲ್ಲಿಗೆ ಅವಳಿಗೆ ಸಾಕಾಯಿತು. ಪುಸ್ತಕ ಕಿಟಕಿಕಟ್ಟೆಯ ಮೇಲೆ ಬೋರಲು ಬಿತ್ತು. ಪ್ರ್ಯಾಚೆಟ್ ಅಂದರೆ ಸಾಕು, ‘ಬೇಡ ಮಾರಾಯ್ತಿ’ ಅನ್ನುತ್ತಿದ್ದಳು. ಬಹಳ ಕಾಲದ ಮೇಲೆ ಒಂದು ಸಂಜೆ ಇದೇ ಸರಣಿಯ 1987ರ ‘ಮಾರ್ಟ್’ನಿಂದ ಒಂದು ಸನ್ನಿವೇಶ ಓದಿ ಹೇಳಿದೆ. ಅಲ್ಲಿ ಸಾವೇ ಒಂದು ಪಾತ್ರ. ಅವನ ಶಿಷ್ಯ ಮಾರ್ಟ್, ಸಾಯಬೇಕಿದ್ದ ರಾಜಕುಮಾರಿಯನ್ನು ಉಳಿಸಿ ಕೊಲೆಗಾರನನ್ನೇ ಮುಗಿಸುತ್ತಾನೆ. ಅಲ್ಲಿಂದ ಅವನು ಮಾಡಿದ್ದರ ಭಾರ ಪ್ರತಿ ಜೋಕಿನ ಜೊತೆಗೂ ಬರುತ್ತದೆ. ತಂಗಿ ಪುಸ್ತಕ ಕಿತ್ತುಕೊಂಡಳು. ಮೊದಲ ಪುಸ್ತಕದಿಂದಾಗಿ ಅವಳಿಗೆ ಇದು ತಪ್ಪಿಯೇ ಹೋಗುತ್ತಿತ್ತು. ಆ ಸಿಟ್ಟು ನನಗೆ ಇನ್ನೂ ಇದೆ.

ಇನ್ನು ಕೊನೆ. ರಿನ್ಸ್‌ವಿಂಡ್ ಲೋಕದ ಅಂಚಿನಿಂದ ಬೀಳುತ್ತಾನೆ, ಪುಸ್ತಕ ಮುಗಿಯುತ್ತದೆ. ಮುಂದೇನಾಯಿತು ಎಂದು ತಿಳಿಯಲು ಅಂದಿನ ಓದುಗರು 1986ರವರೆಗೆ ಕಾಯಬೇಕಾಯಿತು. ದುಡ್ಡು ಕೊಟ್ಟವರಿಗೆ ಇದು ನ್ಯಾಯವಲ್ಲ.

ವಿರೋಧ: ಮೊದಲ ಭಾಗವನ್ನು ಮರೆಯಬೇಡಿ

ಈ ಪಕ್ಷ ವಹಿಸಲು ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಡ್ರ್ಯಾಗನ್ ಭಾಗವನ್ನು ಸಮರ್ಥಿಸುವ ಉತ್ಸಾಹ ನನಗೂ ಅಷ್ಟಿಲ್ಲ. ಆದರೆ ಇಡೀ ಪುಸ್ತಕವೇ ನಿರಾಸೆ ಅನ್ನುವುದು ಜಾಸ್ತಿಯಾಯಿತು.

ಆಂಖ್-ಮಾರ್ಪಾರ್ಕ್ ನಗರಕ್ಕೆ ಬೆಂಕಿ ಬಿದ್ದಿದ್ದು ಹೇಗೆ? ಟೂಫ್ಲವರ್ ಹೆಂಡದಂಗಡಿಯವನಿಗೆ ವಿಮೆ ಅಂದರೇನು ಎಂದು ಒಳ್ಳೆಯ ಮನಸ್ಸಿನಿಂದಲೇ ವಿವರಿಸುತ್ತಾನೆ. ಅಂಗಡಿ ಸುಟ್ಟರೆ ದುಡ್ಡು ಬರುತ್ತದೆ ಎಂಬಷ್ಟು ಅವನ ತಲೆಗೆ ಹೋಗುತ್ತದೆ. ಊರಿಗೆ ಊರೇ ಹೊತ್ತಿಕೊಳ್ಳುತ್ತದೆ. ಇದಕ್ಕೆ ನಗಲು ಯಾವ ಫ್ಯಾಂಟಸಿ ಓದಿರಬೇಕು? ಪಾಲಿಸಿಗೆ ಸಹಿ ಹಾಕಿದ ಯಾರಿಗಾದರೂ ಅರ್ಥವಾಗುತ್ತದೆ. ಇನ್ನು ಟೂಫ್ಲವರ್‌ನ ಮರದ ಪೆಟ್ಟಿಗೆ. ಅದಕ್ಕೆ ಮುಖವಿಲ್ಲ, ಮಾತಿಲ್ಲ. ನೂರಾರು ಪುಟ್ಟ ಕಾಲುಗಳಲ್ಲಿ ಯಜಮಾನನ ಹಿಂದೆ ಓಡುತ್ತದೆ, ಅಡ್ಡ ಬಂದವರನ್ನು ನುಂಗುತ್ತದೆ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು.

ಕೊನೆ ಇಲ್ಲ ಅನ್ನುವುದು ದೂರೇ ಅಲ್ಲ, ಮುಂದಿನ ಪುಸ್ತಕ ಇದೆಯಲ್ಲ. ಕಾದಂಬರಿಯೂ ಮದುವೆ ಊಟದ ಹಾಗೆ ಮಜ್ಜಿಗೆಯಲ್ಲೇ ಮುಗಿಯಬೇಕು ಅನ್ನುವವರಿಗೆ ಏನು ಹೇಳೋದು?

ಇದನ್ನು ಬರೆದಾಗ ಪ್ರ್ಯಾಚೆಟ್ ಬ್ರಿಟನ್ನಿನ ವಿದ್ಯುತ್ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿ. ನೌಕರಿಯ ನಡುವೆ ಬರೆದ ಈ ಪುಸ್ತಕದಲ್ಲೇ ಆ ನಗರ ಇದೆ, ದೊಡ್ಡಕ್ಷರಗಳಲ್ಲೇ ಮಾತಾಡುವ ಸಾವು ಇದ್ದಾನೆ. ಅವನು ಇಲ್ಲಿ ರಿನ್ಸ್‌ವಿಂಡ್‌ನ ಬೆನ್ನು ಹತ್ತದೇ ಇದ್ದಿದ್ದರೆ ಮಾರ್ಟ್‌ಗೆ ಗುರು ಎಲ್ಲಿಂದ ಬರುತ್ತಿದ್ದ?