ಕೈ ಬೀಸಬಾರದು ಅಂತ ಆದೇಶವಿದ್ದ ಊರು

ಜರ್ಮನಿಯ ಮೋಡ್ಲರಾಯ್ಟ್ ಅನ್ನೋ ಹಳ್ಳಿಯ ನಡುವೆ ಒಂದು ತೊರೆ ಹರಿಯುತ್ತದೆ. ಹೆಸರು ಟಾನ್‌ಬಾಖ್. ಬೇಸಿಗೆಯಲ್ಲಿ ನಾವು ಹೋದಾಗ ನನ್ನ ಏಳು ವರ್ಷದ ಮಗಳು ಓಡಿ ಬಂದು ಒಂದೇ ನೆಗೆತಕ್ಕೆ ಅದನ್ನು ದಾಟಿಬಿಟ್ಟಳು. ಆಚೆ ದಡದಲ್ಲಿ ನಿಂತು "ಅಪ್ಪಾ, ನೀನೂ ಬಾ" ಅಂತ ಕೈ ಬೀಸಿ ಕರೆದಳು. ಆಮೇಲೆ ಅಲ್ಲಿನ ಮ್ಯೂಸಿಯಂನಲ್ಲಿ ಊರಿನ ಕಥೆ ಓದಿದೆ. ಓದಿದಾಗಿನಿಂದ ಅವಳು ಕೈ ಬೀಸಿದ್ದು ನನ್ನ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ನಾವಿರೋದು ಎರ್ಲಾಂಗನ್‌ನಲ್ಲಿ. ಊರಿಂದ ಯಾರೇ ಬಂದರೂ ಬರ್ಲಿನ್‌ಗೆ ಕರೆದುಕೊಂಡು ಹೋಗೋದು, ಗೋಡೆಯ ಮುಂದೆ ಫೋಟೋ ತೆಗೆಸೋದು ನಮ್ಮ ಮನೆಯ ವಾಡಿಕೆ. ನಾಲ್ಕೈದು ಸಲ ನೋಡಿದ್ದೇನೆ. ಆದರೆ ಆ ಗೋಡೆ ಜನರಿಗೆ ಏನು ಮಾಡಿತು ಅನ್ನೋದು ನನಗೆ ಅರ್ಥವಾಗಿದ್ದು ಸುಮಾರು ಐವತ್ತು ಜನರಿರುವ ಈ ಹಳ್ಳಿಯಲ್ಲಿ. ಅದಕ್ಕೇ ಸ್ವಲ್ಪ ಉದ್ದವಾದರೂ ಬರೆಯುತ್ತಿದ್ದೇನೆ.

ಊರು ಇರೋದು ಹೋಫ್ ಪಟ್ಟಣದಿಂದ ಸ್ವಲ್ಪ ಉತ್ತರಕ್ಕೆ. ಸುತ್ತ ಏರಿಳಿತದ ಹೊಲ, ಹುಲ್ಲುಗಾವಲು, ಅಲ್ಲಲ್ಲಿ ಕಾಡು. ಈ ಸೀಮೆಯಲ್ಲಿ ರಾಯ್ಟ್ ಅಂತ ಕೊನೆಯಾಗುವ ಊರುಗಳು ತುಂಬ. ಕಾಡು ಕಡಿದು ಹಸನು ಮಾಡಿದ ನೆಲ ಅಂತ ಅದರ ಅರ್ಥ. ಬೈರಾಯ್ಟ್ ಕೂಡ ಹಾಗೆ ಬಂದ ಹೆಸರೇ. ತಗ್ಗಿನಲ್ಲಿ ತೊರೆ, ಎರಡೂ ಬದಿಗೆ ಮನೆಗಳು, ಕಣಜಗಳು, ಒಂದು ಕೆರೆ. ನಡೆದರೆ ಹತ್ತು ನಿಮಿಷದಲ್ಲಿ ಊರೇ ಮುಗಿಯುತ್ತದೆ.

ತೊರೆಯ ಪಕ್ಕ ಮೊಣಕಾಲೆತ್ತರದ ಹಳೇ ಗಡಿಕಲ್ಲುಗಳಿವೆ. 1810ರಲ್ಲಿ ನೆಟ್ಟಿದ್ದು. ಒಂದು ಮುಖದಲ್ಲಿ ಕೆಬಿ, ಅಂದರೆ ಬವೇರಿಯಾ ರಾಜ್ಯ. ಇನ್ನೊಂದು ಮುಖದಲ್ಲಿ ಎಫ್‌ಆರ್, ಅಂದರೆ ರೋಯ್ಸ್ ಸಂಸ್ಥಾನ. ಅದಕ್ಕೂ ಮುಂಚೆಯೇ ಈ ತೊರೆ ಇಬ್ಬರು ಒಡೆಯರ ನಡುವಿನ ಗಡಿಯಾಗಿತ್ತು. ಮೊದಲನೇ ಮಹಾಯುದ್ಧ ಮುಗಿದು ರಾಜರು ಹೋದ ಮೇಲೆ ಒಂದು ಬದಿ ಬವೇರಿಯಾ, ಇನ್ನೊಂದು ಬದಿ ಟ್ಯೂರಿಂಗನ್ ಆಯಿತು. ಅಷ್ಟಾದರೂ ಊರಿನವರಿಗೆ ಅದರಿಂದ ಏನೂ ತೊಂದರೆ ಆಗಿರಲಿಲ್ಲ. ಶಾಲೆ ಇದ್ದದ್ದು ಟ್ಯೂರಿಂಗನ್ ಬದಿಗೆ, ಊರಿನ ಹೆಂಡದಂಗಡಿಯೂ ಅಲ್ಲೇ. ಚರ್ಚಿಗೆ ಮಾತ್ರ ಎಲ್ಲರೂ ಬವೇರಿಯಾದ ಟೋಪೆನ್‌ಗೆ ಹೋಗುತ್ತಿದ್ದರು. ಮಕ್ಕಳು ಪಾಠಕ್ಕೆ ಈಚೆಯಿಂದ ಆಚೆಗೆ, ದೊಡ್ಡವರು ಪ್ರಾರ್ಥನೆಗೆ ಆಚೆಯಿಂದ ಈಚೆಗೆ. ಗಡಿ ಇತ್ತು. ತಡೆ ಇರಲಿಲ್ಲ.

ಎರಡನೇ ಮಹಾಯುದ್ಧದ ನಂತರ ಬವೇರಿಯಾ ಅಮೆರಿಕದವರ ಕೈಗೆ, ಟ್ಯೂರಿಂಗನ್ ಸೋವಿಯತ್ತಿನವರ ಕೈಗೆ ಹೋಯಿತು. 1949ರಲ್ಲಿ ಎರಡು ಜರ್ಮನಿಗಳಾದವು; ಬವೇರಿಯಾ ಪಶ್ಚಿಮಕ್ಕೆ, ಟ್ಯೂರಿಂಗನ್ ಪೂರ್ವಕ್ಕೆ ಸೇರಿತು. ಆಗಲೂ ಹೇಗೋ ಓಡಾಟ ನಡೆದಿತ್ತು. ಊರನ್ನು ನಿಜವಾಗಿ ಸೀಳಿದ್ದು 1952. ಆ ವರ್ಷ ಮೇ 26ಕ್ಕೆ ಪೂರ್ವ ಜರ್ಮನಿ ಹೊಸ ಕಟ್ಟಳೆ ತಂದಿತು. ಗಡಿಯಿಂದ ಐದು ಕಿಲೋಮೀಟರ್ ನಿರ್ಬಂಧಿತ ಪ್ರದೇಶ. ಅದರೊಳಗೆ 500 ಮೀಟರ್ ಇನ್ನೂ ಬಿಗಿ. ಗಡಿಯಂಚಿನ ಹತ್ತು ಮೀಟರ್ ನೆಲವನ್ನು ಉತ್ತು ಬೋಳು ಬಿಟ್ಟರು, ಕಾಲಿಟ್ಟರೆ ಹೆಜ್ಜೆ ಗುರುತು ಕಾಣಲಿ ಅಂತ. ತೊರೆಯ ಪಕ್ಕದ ಮನೆಗಳೆಲ್ಲ ಆ 500 ಮೀಟರ್ ಒಳಗೇ ಬಂದವು. ಕತ್ತಲಾದ ಮೇಲೆ ಹೊರಗೆ ಓಡಾಡುವಂತಿಲ್ಲ.

ನಂಬಿಕೆಗೆ ಅರ್ಹರಲ್ಲ ಅನ್ನಿಸಿದವರನ್ನು ಅದೇ ಜೂನ್‌ನಲ್ಲಿ ಮನೆ ಬಿಡಿಸಿ ದೂರದ ಊರುಗಳಿಗೆ ಸಾಗಿಸಿದರು. ಗಡಿಯುದ್ದಕ್ಕೂ ಎಂಟು ಸಾವಿರಕ್ಕೂ ಹೆಚ್ಚು ಜನ. ಟ್ಯೂರಿಂಗನ್‌ನಲ್ಲಿ ಆ ಕಾರ್ಯಾಚರಣೆಗೆ ಅಂಟಿಕೊಂಡ ಹೆಸರು ಏನು ಗೊತ್ತಾ? 'ಉನ್‌ಗೆತ್ಸೀಫರ್'. ನಮ್ಮ ಮಾತಲ್ಲಿ ಹೇಳಬೇಕೆಂದರೆ ತಿಗಣೆ, ಹೇನು, ಜಿರಳೆ. ತಲೆತಲಾಂತರದಿಂದ ಅದೇ ಮಣ್ಣು ಉತ್ತವರಿಗೆ ಈ ಹೆಸರು. ಮ್ಯೂಸಿಯಂನಲ್ಲಿ ನನ್ನ ಹೊಟ್ಟೆಯಲ್ಲಿ ಸಂಕಟವಾಗಿದ್ದು ಇದನ್ನು ಓದಿದಾಗ.

ಮೊದಲು ಹಲಗೆಯ ಬೇಲಿ, ಆಮೇಲೆ ಮುಳ್ಳುತಂತಿ. 1966ರಲ್ಲಿ ಊರಿನ ನಡುವೆಯೇ 700 ಮೀಟರ್ ಉದ್ದದ ಕಾಂಕ್ರೀಟ್ ಗೋಡೆ ಎದ್ದಿತು. ಎತ್ತರ ಮೂರು ಮೀಟರಿಗೂ ಜಾಸ್ತಿ. ಅಮೆರಿಕದ ಸೈನಿಕರು ಊರಿಗೆ 'ಪುಟ್ಟ ಬರ್ಲಿನ್' ಅಂತ ಹೆಸರಿಟ್ಟರು. 1983ರಲ್ಲಿ ಆಗಿನ ಅಮೆರಿಕದ ಉಪಾಧ್ಯಕ್ಷ ಜಾರ್ಜ್ ಬುಷ್ ಬಂದು ನೋಡಿ ಹೋದರು. ಪಶ್ಚಿಮದಿಂದ ಜನ ಬಸ್ಸಿನಲ್ಲಿ ಬಂದು ದಡದಲ್ಲಿ ನಿಂತು ಆಚೆಯವರನ್ನು ನೋಡುತ್ತಿದ್ದರು.

ಆಚೆಯವರು ತಿರುಗಿ ನೋಡಿ ಕೈ ಬೀಸುವಂತಿರಲಿಲ್ಲ. ಕೂಗಿ ಮಾತಾಡಿಸುವಂತಿರಲಿಲ್ಲ. ಪಶ್ಚಿಮದ ಕಡೆ ನಮಸ್ಕಾರ ಅನ್ನೋದೂ ನಿಷೇಧ. ಯೋಚಿಸಿ ನೋಡಿ. ಆಚೆ ನಿಂತು ಕೈ ಬೀಸುತ್ತಿರೋದು ನಿಮ್ಮ ಚಿಕ್ಕಪ್ಪ ಇರಬಹುದು, ಶಾಲೆಯಲ್ಲಿ ಪಕ್ಕ ಕೂತವನಿರಬಹುದು. ನೀವು ಕೈ ಎತ್ತದೆ, ಕಾಣಲೇ ಇಲ್ಲ ಅನ್ನೋ ಹಾಗೆ ತಲೆ ತಗ್ಗಿಸಿ ನಡೆಯಬೇಕು. ಒಂದೆರಡು ದಿನ ಅಲ್ಲ, ವರ್ಷಗಟ್ಟಲೆ. 1973ರಿಂದ ಪಶ್ಚಿಮದ ಗಡಿ ಜಿಲ್ಲೆಯವರಿಗೆ ಪೂರ್ವದ ಗಡಿ ಜಿಲ್ಲೆಗಳಿಗೆ ಹೋಗಿ ಬರಲು ಪರವಾನಗಿ ಸಿಗುತ್ತಿತ್ತು. ಆದರೆ ನಿರ್ಬಂಧಿತ ಪ್ರದೇಶದೊಳಗೆ ಪ್ರವೇಶ ಇರಲಿಲ್ಲ. ಅಂದರೆ ಸುತ್ತು ಹಾಕಿ ದೂರದ ಪಟ್ಟಣ ನೋಡಬಹುದು, ತಮ್ಮದೇ ಊರಿನ ಇನ್ನರ್ಧ ನೋಡುವಂತಿಲ್ಲ! ಅದೇ 1973ರ ಮೇ ತಿಂಗಳಲ್ಲಿ ಒಬ್ಬ ಏಣಿ ಹಾಕಿ ಗೋಡೆ ಹತ್ತಿ ಈಚೆಗೆ ಬಂದ. ಇಲ್ಲಿ ಗೋಡೆ ದಾಟಿ ತಪ್ಪಿಸಿಕೊಂಡವನು ಅವನೊಬ್ಬನೇ.

ಬರ್ಲಿನ್ ಗೋಡೆ ತೆರೆದದ್ದು 1989ರ ನವೆಂಬರ್ 9ಕ್ಕೆ. ಇಲ್ಲಿ ನಡೆದು ದಾಟಲು ದಾರಿ ಬಿಟ್ಟಿದ್ದು ಡಿಸೆಂಬರ್ 9ಕ್ಕೆ. ಇಡೀ ಲೋಕ ಸಂಭ್ರಮ ಪಡುತ್ತಿದ್ದ ಆ ಒಂದು ತಿಂಗಳು ಈ ಊರಿನವರು ಕಾದರು. 1990ರ ಜೂನ್ 17ಕ್ಕೆ ಬುಲ್ಡೋಜರ್ ಬಂದು ಗೋಡೆ ಕೆಡವಿತು. ಸುಮಾರು ನೂರು ಮೀಟರ್ ಮಾತ್ರ ಹಾಗೇ ಉಳಿಸಿಕೊಂಡರು. ದಿನಾ ಬೆಳಗೆದ್ದು ಅದನ್ನೇ ನೋಡಿ ರೋಸಿಹೋದವರು ಪೂರ್ತಿ ಕೆಡವಿ ಅಂದರೆ ನಾನು ತಪ್ಪು ಅನ್ನಲಾರೆ. ಆದರೂ ಉಳಿಸಿದ್ದು ತುಂಬ ಒಳ್ಳೆಯದಾಯಿತು. ಬರ್ಲಿನ್‌ನಲ್ಲಿ ಗೋಡೆಯ ಮೇಲೆ ಬಣ್ಣದ ಚಿತ್ರ ಇದೆ. ಇಲ್ಲಿ ಕಣಜದ ಪಕ್ಕ ಸುಮ್ನೆ ಬಿಳಿ ಕಾಂಕ್ರೀಟ್. ಯಾರ ಮನೆಯ ಕಿಟಕಿಗೆ ಎದುರಾಗಿತ್ತು ಅಂತ ಅಲ್ಲೇ ನಿಂತು ಅಳೆಯಬಹುದು.

ಒಂದು ವಿಷಯದಲ್ಲಿ ಮಾತ್ರ ನಮ್ಮ ಸ್ನೇಹಿತರ ಜೊತೆ ನನಗೆ ಜಗಳವೇ ಆಯಿತು. ಈ ಊರು ಈಗಲೂ ಎರಡು ರಾಜ್ಯಗಳಲ್ಲೇ ಇದೆ. ಅರ್ಧ ಬವೇರಿಯಾದ ಟೋಪೆನ್‌ಗೆ, ಅರ್ಧ ಟ್ಯೂರಿಂಗನ್‌ನ ಗೆಫೆಲ್‌ಗೆ ಸೇರಿದೆ. ಇಬ್ಬರು ಮೇಯರ್, ಎರಡು ಪಿನ್‌ಕೋಡ್. ಕಾರಿನ ನಂಬರ್ ಪ್ಲೇಟ್ ಬೇರೆ. ಜನವರಿ 6ಕ್ಕೆ ಬವೇರಿಯಾದವರಿಗೆ ರಜೆ, ಎದುರು ಮನೆಯವರಿಗಿಲ್ಲ. ಅಕ್ಟೋಬರ್ 31ಕ್ಕೆ ಆಚೆಯವರಿಗೆ ರಜೆ, ಈಚೆಯವರು ಕೆಲಸಕ್ಕೆ ಹೋಗಬೇಕು. "ಇಷ್ಟೆಲ್ಲ ಅನುಭವಿಸಿದ ಮೇಲೂ ಒಂದು ಮಾಡಬಾರದಾ?" ಅಂತ ಅವರ ವಾದ. ನನಗೆ ಹಾಗನ್ನಿಸಲ್ಲ. ಆ ಗೆರೆಯ ಎರಡೂ ಬದಿಗೆ ಜನ ತಲೆಮಾರುಗಟ್ಟಲೆ ಚೆನ್ನಾಗೇ ಬಾಳಿದ್ದಾರೆ. ಕಲ್ಲಿಗೂ ತೊರೆಗೂ ಯಾರ ಮೇಲೂ ದ್ವೇಷ ಇರಲಿಲ್ಲ. ಕೈ ಎತ್ತಬೇಡ ಅಂತ ಹೇಳಿದವರು ಮನುಷ್ಯರು. ತಪ್ಪನ್ನು ನಕ್ಷೆಯ ಮೇಲೆ ಹಾಕಿಬಿಟ್ಟರೆ ಆದೇಶ ಕೊಟ್ಟವರು ಸುಲಭವಾಗಿ ಪಾರಾಗುತ್ತಾರೆ ಅಲ್ವಾ?

ಮ್ಯೂನಿಕ್, ನ್ಯೂರೆಂಬರ್ಗ್ ಕಡೆಯಿಂದ ಬರ್ಲಿನ್‌ಗೆ ಕಾರಲ್ಲಿ ಹೋಗುವವರು ಎ9 ಹೆದ್ದಾರಿಯಿಂದ ಹೋಫ್ ಹತ್ತಿರ ಒಂದು ಗಳಿಗೆ ಕೆಳಗಿಳಿಯಿರಿ. ಅರ್ಧ ದಿನ ಸಾಕು. ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ. ಮೊದಲು ತೊರೆ ದಾಟಲು ಬಿಡಿ. ಗೋಡೆ ಆಮೇಲೆ ತೋರಿಸಿ.