ರಾಜಾಸೀಟ್‌ನಲ್ಲಿ ಹಿಮ ಬಿತ್ತು

ಮಡಿಕೇರಿಯ ರಾಜಾಸೀಟ್‌ನಲ್ಲಿ ಹಿಮ ಬಿದ್ದ ಫೋಟೋ ನಿಮಗೂ ಬಂದಿರುತ್ತದೆ, ಬಿಡಿ. ಮಂಟಪದ ಮೇಲೆ ಒಂದು ಗೇಣು ಬಿಳಿ, ಮುಂದೆ ಸ್ವೆಟರ್ ತೊಟ್ಟ ಜೋಡಿ, ಹಿಂದೆ ಗುಲಾಬಿ ಆಕಾಶ. ನಾಲ್ಕು ಕಂಬದ ಮಂಟಪಕ್ಕೆ ಐದನೆಯ ಕಂಬವೊಂದು ಪುಕ್ಕಟೆ. ಟೆಂಡರ್ ಇಲ್ಲದೆ, ಕಮಿಷನ್ ಇಲ್ಲದೆ ಈ ಜಿಲ್ಲೆಯಲ್ಲಿ ಆದ ಕಾಮಗಾರಿ ಅದೊಂದೇ ಇರಬೇಕು.

ನನಗೆ ಒಂದೇ ಬೆಳಿಗ್ಗೆ ನಾಲ್ಕು ಗುಂಪಿನಿಂದ ಬಂತು. ಹಿಂದೆಯೇ ಬೆಂಗಳೂರಿನಿಂದ ಅಕ್ಕನ ಮಗನ ಫೋನು.

"ಮಾವ, ಅಲ್ಲಿ ಹಿಮ ಬಿದ್ದಿದೆಯಂತಲ್ಲ! ಈ ವಾರ ಬರ್ತೀವಿ, ನಾಲ್ಕು ಜನ."

"ಹಿಮ ಇಲ್ಲ ಮಾರಾಯ. ಮಳೆ ಇದೆ. ಕರೆಂಟು ಹೋಗಿ ಮೂರು ದಿನ ಆಯ್ತು."

"ಫೋಟೋದಲ್ಲಿ ಇದೆಯಲ್ಲ ಮಾವ."

ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ ಬೆಟ್ಟವೇ 1,748 ಮೀಟರ್. ಅದರ ತುದಿಯಲ್ಲೂ ಹಿಮ ಬಿದ್ದದ್ದನ್ನು ನಮ್ಮಜ್ಜ ಕಂಡಿಲ್ಲ. ಆದರೆ ನಮ್ಮಜ್ಜನ ಮಾತಿಗೆ ಲೈಕು ಎಷ್ಟು? ತಪ್ಪು ನಮ್ಮದೂ ಇದೆ ಅನ್ನಿ. ಭಾರತದ ಸ್ಕಾಟ್ಲೆಂಡ್ ಅಂತ ಇಷ್ಟು ವರ್ಷ ನಾವೇ ಹೇಳಿಕೊಂಡು ಬಂದೆವು. ಯಾವನೋ ಪುಣ್ಯಾತ್ಮ ಬಾಕಿ ಇದ್ದ ಸಾಮಾನನ್ನು ಕಳಿಸಿಕೊಟ್ಟ.

ಅಂತೂ ನಾಲ್ಕು ಜನ ಬಂದರು. ಹಿಮದ ಬದಲು ಜಿಗಣೆ ಸಿಕ್ಕಿತು. ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಬಟ್ಟೆಯ ಹೊಗೆ ವಾಸನೆಗೆ ಮೂಗು ಮುಚ್ಚಿಕೊಂಡರು. ಆದರೂ ಫೋಟೋ ನಿಲ್ಲಲಿಲ್ಲ. ಗಂಬೂಟಿನ ಫೋಟೋ, ಹಂಚಿನಿಂದ ಸೋರುವ ನೀರಿನ ಫೋಟೋ, ಸೋರುವ ನೀರಿಗೆ ಇಟ್ಟ ಪಾತ್ರೆಯ ಫೋಟೋ. ನಮ್ಮಪ್ಪನ ಕಾಲದಲ್ಲಿ ಒಂದು ರೀಲಿಗೆ 36 ಫೋಟೋ. ಮೇ ತಿಂಗಳ ಮದುವೆಯಲ್ಲಿ ಹಾಕಿದ ರೀಲು ಸುಗ್ಗಿಯ ಹಬ್ಬ ಪುತ್ತರಿಯವರೆಗೂ ಮುಗಿಯುತ್ತಿರಲಿಲ್ಲ. ಕೊನೆಗೆ ಉಳಿದ ಎರಡನ್ನು ನಾಯಿಗೆ ಖರ್ಚು ಮಾಡಿ, ಪೇಟೆಯ ಸ್ಟುಡಿಯೋಗೆ ತೊಳೆಯಲು ಕೊಡುತ್ತಿದ್ದರು. ಹಾಗಾಗಿ ನಮ್ಮ ಆಲ್ಬಮ್ಮಿನಲ್ಲಿ ಅತಿ ಸಹಜವಾಗಿ ನಿಂತಿರುವವನು ಆ ನಾಯಿಯೇ. ಉಳಿದವರೆಲ್ಲ ಉಸಿರು ಬಿಗಿಹಿಡಿದಿದ್ದಾರೆ.

ಕೊಡಾಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ, ಒಂದು ಕಪ್ಪುಬಿಳುಪು ಫೋಟೋ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ನಮ್ಮ ತೋಟದಲ್ಲಿ 23 ಸೆಕೆಂಡು ಒಂದೇ ಕಡೆ ನಿಂತರೆ ಜಿಗಣೆ ಬೂಟು ದಾಟಿ ಮೊಣಕಾಲಿಗೆ ಬಂದಿರುತ್ತದೆ. ಆ ಕ್ಯಾಮೆರಾ ಹಾಗೆಯೇ ಉಳಿದಿದ್ದರೆ ಕೊಡಗಿಗೆ ಅರ್ಧ ಜನವೂ ಬರುತ್ತಿರಲಿಲ್ಲ.

ಅವತ್ತು ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಬಲ್ಲವರಿಗೆ ಗೊತ್ತು, ಸೊಪ್ಪು ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹುಡುಗ ತಟ್ಟೆಯ ಫೋಟೋ ತೆಗೆದು ಹಾಗೆಯೇ ಹಾಕಿದ. ಐದು ನಿಮಿಷದಲ್ಲಿ ಕಾಮೆಂಟು: "ಯಾವ ಫಿಲ್ಟರ್ ಬ್ರೋ? ಜಾಸ್ತಿ ಆಯ್ತು." ಹಿಮವನ್ನು ನಂಬಿದ ಅದೇ ಜನ ಪಾಯಸವನ್ನು ನಂಬಲಿಲ್ಲ! ಆ ಸೊಪ್ಪು ತಿಂದವರಿಗೆ ಮೂತ್ರವೂ ಬಣ್ಣ ಬರುತ್ತದೆ. ಅದನ್ನು ಇಲ್ಲಿಯವರೆಗೆ ಯಾರೂ ಸ್ಟೇಟಸ್ಸಿಗೆ ಹಾಕಿಲ್ಲ ಎಂಬುದೇ ಸಮಾಧಾನ.

ಸಂಜೆ ಹುಡುಗ ಹೊಸ ಆ್ಯಪ್ ತೋರಿಸಿದ. ಬೇಡದ್ದರ ಮೇಲೆ ಬೆರಳಾಡಿಸಿದರೆ ಸಾಕು, ಮಾಯ. ಅಂಗಳದ ಫೋಟೋದಲ್ಲಿ ಕೂಲಿಯವರ ಲೈನ್‌ಮನೆಗೆ ಹೊದೆಸಿದ ನೀಲಿ ಟಾರ್ಪಾಲು ಮಾಯ. ವಿದ್ಯುತ್ ತಂತಿ ಮಾಯ. ಕರೆಂಟು ಮೊದಲೇ ಮಾಯ, ಆದ್ದರಿಂದ ತಂತಿಗೆ ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಭಾರಿ ಉಂಟಲ್ಲ ಮಾರಾಯ" ಅಂತ ಬೆನ್ನು ತಟ್ಟಿದೆ. ನನ್ನ ಹೊಟ್ಟೆಯನ್ನೂ ಸ್ವಲ್ಪ ತೆಗೆಸಿಕೊಂಡೆ.

ಆಮೇಲೆ ಅವನು ಜೋಡುಪಾಲದ ಕಡೆಯಲ್ಲಿ ತೆಗೆದ ಒಂದು ಬೆಟ್ಟದ ಫೋಟೋ ತೆರೆದ. ಹಸಿರಿನ ನಡುವೆ ಕುಸಿದ ಜಾಗ, ಮೇಲಿನಿಂದ ಕೆಳಗಿನವರೆಗೆ ಕೆಂಪು ಗೀರು. "ಇದೊಂದು ಚೆನ್ನಾಗಿ ಕಾಣಲ್ಲ" ಅಂದ. ಬೆರಳು ಎಳೆದ. ಬೆಟ್ಟ ಹಸಿರಾಯಿತು.

ತಮಾಷೆ ಅಲ್ಲಿಗೆ ಸತ್ತಿತು. 2018ರ ಆಗಸ್ಟಿನಲ್ಲಿ ಬೆಟ್ಟ ಜಾರಿದಾಗ ಜನ ಸತ್ತರು, ಮನೆ ಹೋಯಿತು, ತೋಟಕ್ಕೆ ತೋಟವೇ ಮಣ್ಣಿನಡಿ ಹೋಯಿತು. ಅದೇ ಮಣ್ಣಿನ ಪಕ್ಕ ಕಾರು ನಿಲ್ಲಿಸಿ, ಎರಡು ಬೆರಳೆತ್ತಿ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡವರನ್ನು ನಾನು ನೋಡಿದ್ದೇನೆ. ಅವರಿಗೆ ಗೀರು ಬೇಕಿತ್ತು, ಇವನಿಗೆ ಬೇಡ. ಅಷ್ಟೇ ವ್ಯತ್ಯಾಸ. ಗುಡ್ಡ ಕಡಿದು ರೆಸಾರ್ಟಿಗೆ ದಾರಿ ಮಾಡುವವರಿಗೂ ಇಂಥದ್ದೇ ಹಸಿರು ಫೋಟೋ ಬೇಕು, ಜಾಹೀರಾತಿಗೆ. ಬೈಯೋಣ ಅಂದುಕೊಂಡೆ. ಹುಡುಗನಿಗೆ ಆಗ ವಯಸ್ಸೆಷ್ಟು? ಸುಮ್ನೆ ಫೋನು ವಾಪಸ್ ಕೊಟ್ಟೆ. ಸುಸ್ತಾಗುತ್ತದೆ.

ಅವರು ಹೋದ ಮೇಲೆ ನನಗೂ ಫೋಟೋದ ಕೆಲಸ ಬಿತ್ತು. ಬಿಡದ ಮಳೆಗೆ ಕಾಫಿಗೆ ಕೊಳೆರೋಗ ಹತ್ತಿತ್ತು. ಎಲೆ ಕಪ್ಪಾಗಿ ಜೋತು ಬೀಳುತ್ತಿತ್ತು, ಕಾಯಿ ಗಿಡದ ಬುಡದಲ್ಲಿ ರಾಶಿ. ಪರಿಹಾರದ ಅರ್ಜಿಗೆ ದಿನಾಂಕ, ಜಾಗ ಎಲ್ಲ ಬರುವಂತೆ ಫೋಟೋ ಬೇಕಂತೆ. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಕಳಿಸಿದೆ. ಮರುವಾರ ಕಚೇರಿಗೆ ಹೋದರೆ, ಗುಮಾಸ್ತರು ಸ್ಕ್ರೀನ್ ನೋಡುತ್ತಾ, "ತೋಟ ಇಷ್ಟು ಚೆನ್ನಾಗಿದೆಯಲ್ಲ ಸಾರ್!" ಅಂದರು. ಬಗ್ಗಿ ನೋಡಿದೆ. ಹುಡುಗ ಹೋಗುವಾಗ ನನ್ನ ಫೋನಿನಲ್ಲಿ ಏನನ್ನೋ ಒತ್ತಿ ಹೋಗಿದ್ದ. ಕಪ್ಪೆಲೆ ಎಲ್ಲ ಫಳಫಳ ಹಸಿರು.

"ಇದು ಫೋನಿನ ಕೆಲಸ ಸಾರ್, ನಿಜವಾದ್ದು ಇಲ್ಲಿದೆ" ಎಂದು, ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದ ಕಾಯಿಯನ್ನು ಮೇಜಿನ ಮೇಲೆ ಸುರಿದೆ. ಕಪ್ಪು, ಲೋಳೆ ಲೋಳೆ, ನಡುವೆ ಜೀವಂತ ಜಿಗಣೆ ಒಂದು.

ಗುಮಾಸ್ತರು ಕುರ್ಚಿ ಹಿಂದೆ ಸರಿಸಿದರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, ಜಿಗಣೆಯ ಹತ್ತಿರಕ್ಕೆ ಹಿಡಿದು, ಒಂದು ಫೋಟೋ ತೆಗೆದುಕೊಂಡರು.