ಸ್ಪಷ್ಟನೆ: ಜೋಸೆಲಿನ್ ಬೆಲ್ ಪಿಎಚ್‌ಡಿ ಮಾಡಿದ್ದು ಪಲ್ಸಾರ್ ಮೇಲಲ್ಲ

ಖಗೋಳ ವಿಜ್ಞಾನಿ ಜೋಸೆಲಿನ್ ಬೆಲ್ ಪಲ್ಸಾರ್ (ವೇಗವಾಗಿ ತಿರುಗುತ್ತಾ ಮಿಡಿತದಂತೆ ರೇಡಿಯೋ ಅಲೆ ಕಳಿಸುವ ನಕ್ಷತ್ರ) ಮೇಲೆ ಪಿಎಚ್‌ಡಿ ಮಾಡಿದರು, ಆದರೆ ಪಲ್ಸಾರ್ ಪತ್ತೆಯ ಪ್ರಬಂಧದಿಂದ ಬೆಲ್ ಹೆಸರನ್ನೇ ಗೈಡ್ ಕೈಬಿಟ್ಟರು ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಕೇಂಬ್ರಿಡ್ಜ್‌ನಲ್ಲಿ ಅವರ ವಿಷಯ ಕ್ವೇಸಾರ್‌ನಂಥ (ಬಹುದೂರದ, ಅತಿ ಪ್ರಖರ ಗ್ಯಾಲಕ್ಸಿ ಕೇಂದ್ರ) ರೇಡಿಯೋ ಮೂಲಗಳ ಗಾತ್ರ ಅಳೆಯುವುದು. ಅದಕ್ಕೆ ಬೇಕಾದ ರೇಡಿಯೋ ಆಂಟೆನಾ ಕಟ್ಟಲು ಅವರೂ ಕೈಜೋಡಿಸಿದ್ದರು. ಸಿಕ್ಕ ಸಂಕೇತಗಳನ್ನು ಗೆರೆಗಳಾಗಿ ದಾಖಲಿಸುವ ಯಂತ್ರದಿಂದ ದಿನಕ್ಕೆ ಸುಮಾರು 30 ಮೀಟರ್ ಕಾಗದ ಹೊರಬರುತ್ತಿತ್ತು. ಅದರ ಮೇಲಿನ ಗೆರೆಗಳನ್ನು ಅವರು ಕಣ್ಣಲ್ಲೇ ನೋಡಬೇಕಿತ್ತು. 1967ರಲ್ಲಿ ಒಂದು ಕಡೆ ಕಾಲಿಂಚಿನಷ್ಟು ಗೀಚಿದಂಥ ಗುರುತು ಕಂಡಿತು. ಬೇರೆಯವರಾಗಿದ್ದರೆ ಸುಮ್ನೆ ಬಿಟ್ಟುಬಿಡುತ್ತಿದ್ದರೇನೋ. ಇವರು ಬಿಡಲಿಲ್ಲ. ಕಾಗದವನ್ನು ವೇಗವಾಗಿ ಓಡಿಸಿ ನೋಡಿದಾಗ 1.3 ಸೆಕೆಂಡಿಗೊಂದು ಮಿಡಿತ! ಅದೇ ಮೊದಲು ಪತ್ತೆಯಾದ ಪಲ್ಸಾರ್.

ಈ ಪತ್ತೆಯ ಬಗ್ಗೆ 1968ರ ಫೆಬ್ರುವರಿಯಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂದ ಪ್ರಬಂಧದಲ್ಲಿ ಐದು ಹೆಸರುಗಳಿವೆ. ಗೈಡ್ ಆಂಟನಿ ಹ್ಯೂಯಿಷ್ ಮೊದಲು, ಬೆಲ್ ಎರಡನೆಯವರು. ಬೆಲ್ ಅವರ ಪಿಎಚ್‌ಡಿ ಥೀಸಿಸ್‌ನಲ್ಲಿ ಪಲ್ಸಾರ್ ಬರುವುದು ಕೊನೆಯ ಅನುಬಂಧದಲ್ಲಿ ಮಾತ್ರ.

ಬೆಲ್ ಅವರನ್ನು ಕೈಬಿಟ್ಟಿದ್ದು ನೊಬೆಲ್‌ನಲ್ಲಿ. 1974ರ ಬಹುಮಾನ ಹ್ಯೂಯಿಷ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯಿತು. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಅದನ್ನು ಹೇಳಲು ಸುಳ್ಳು ಸೇರಿಸಬೇಕಾಗಿಲ್ಲ, ಅಲ್ವಾ? 2018ರಲ್ಲಿ ಬಂದ 30 ಲಕ್ಷ ಡಾಲರ್ ಬಹುಮಾನವನ್ನು ಬೆಲ್ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವವರ ವಿದ್ಯಾರ್ಥಿವೇತನಕ್ಕೆ ಕೊಟ್ಟರು.